ಔಲುವಿನ ನವೆಂಬರ್: ಒಂದೇ ವಾರದಲ್ಲಿ ಹಿಮ, ಮಳೆ, ಮಂಜುಗಡ್ಡೆ. ಇದಕ್ಕೇನಾದರೂ ಲೆಕ್ಕವಿದೆಯೇ?

ಪ್ರಶ್ನೆ: ಧಾರವಾಡದಾಕೆ

ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದ ನಿಮಿತ್ತ ನಾವು ಈ ವರ್ಷದ ಬೇಸಿಗೆಯಲ್ಲಿ ಉತ್ತರ ಫಿನ್ಲೆಂಡಿನ ಔಲು ನಗರಕ್ಕೆ ಬಂದು ನೆಲೆಸಿದ್ದೇವೆ. ಕೊರೆಯುವ ಚಳಿಗಾಲದ ಬಗ್ಗೆ ಹೊರಡುವ ಮೊದಲೇ ಅವರಿವರನ್ನು ಕೇಳಿ ತಿಳಿದುಕೊಂಡಿದ್ದೆವು. ಆದರೆ ಶರತ್ಕಾಲ ಮುಗಿದು ಚಳಿಗಾಲ ಇನ್ನೂ ನೆಲೆಯೂರದ ಈ ನಡುವಿನ ವಾರಗಳು ಹೇಗಿರುತ್ತವೆ ಎಂಬುದನ್ನು ಯಾರೂ ಹೇಳಿರಲಿಲ್ಲ.

ಕಳೆದ ವಾರವನ್ನೇ ನೋಡಿ. ಸೋಮವಾರ ಆಕಾಶ ಶುಭ್ರವಾಗಿತ್ತು, ಬಿಸಿಲೂ ಇತ್ತು, ಆದರೆ ಬೆಳಿಗ್ಗೆ ಮೈನಸ್ 9 ಡಿಗ್ರಿ; ಅಂಗಳದಲ್ಲಿ ನಿಲ್ಲಿಸಿದ್ದ ಸೈಕಲ್ಲಿನ ಸೀಟಿನ ಮೇಲೆ ಉಪ್ಪು ಉದುರಿಸಿದ ಹಾಗೆ ಹಿಮದ ಪುಡಿ ಕೂತಿತ್ತು. ಮಂಗಳವಾರ ಸಂಜೆ ಮೋಡ ಕವಿಯಿತು, ರಾತ್ರಿಯಿಡೀ ಹಿಮ ಬಿದ್ದು ಬುಧವಾರ ಬೆಳಿಗ್ಗೆ ಕಣಕಾಲು ಮುಳುಗುವಷ್ಟಾಯಿತು. ಮಕ್ಕಳು ಜಾರುಬಂಡಿ ಹೊರತೆಗೆಯುವಷ್ಟರಲ್ಲಿ ಅದೇ ಹಿಮ ಅರ್ಧ ನೀರಾಗಿ, ಸಂಜೆಗೆ ಬರೀ ಮಳೆಯಾಗಿ ಸುರಿಯಿತು. ನನಗೆ ತೀರಾ ಸೋಜಿಗವೆನಿಸಿದ್ದು ಇದರ ಮುಂದಿನದು: ನಡುರಾತ್ರಿ ಎರಡು ಗಂಟೆಗೆ ಕಿಟಕಿಯ ಹೊರಗಿನ ಥರ್ಮಾಮೀಟರ್ ಪ್ಲಸ್ 4 ತೋರಿಸುತ್ತಿತ್ತು, ಅಂದರೆ ಹಿಂದಿನ ಎರಡು ದಿನಗಳ ಮಧ್ಯಾಹ್ನಕ್ಕಿಂತಲೂ ಆ ರಾತ್ರಿಯೇ ಬೆಚ್ಚಗಿತ್ತು. ಗುರುವಾರವಿಡೀ ಬೀದಿ ತುಂಬ ಹಿಮದ ರಾಡಿ. ಶುಕ್ರವಾರ ಬೆಳಿಗ್ಗೆ ಆ ರಾಡಿಯೆಲ್ಲ ಗಟ್ಟಿಯಾಗಿ, ಕಸ ಹಾಕಿ ಬರಲು ಹೋದ ನಮ್ಮ ಯಜಮಾನರು ತೊಟ್ಟಿಯ ತನಕ ಗೋಡೆ ಹಿಡಿದುಕೊಂಡೇ ಹೋಗಿ ಬಂದರು. ಶನಿವಾರ ಸಮುದ್ರದ ಕಡೆಯಿಂದ ಜೋರು ಗಾಳಿ; ಸ್ವಲ್ಪ ಹೊತ್ತು ಕಣ್ಣು ಬಿಡಲಾಗದಷ್ಟು ಹಿಮ, ಅದರ ಬೆನ್ನಿಗೇ ನೀಲಿ ಆಕಾಶ, ಮತ್ತೆ ಹಿಮ. ಭಾನುವಾರ ಗಾಳಿಯೇ ಇಲ್ಲ, ಮತ್ತೆ ಅದೇ ಕಡು ಚಳಿ.

ಇಷ್ಟು ಬದಲಾವಣೆಗೆ ಕಾರಣವೇನು ಎಂಬುದು ನನ್ನ ಮೊದಲ ಪ್ರಶ್ನೆ. ಮುನ್ಸೂಚನೆಯೂ ದಿನಕ್ಕೆರಡು ಬಾರಿ ಬದಲಾಗುತ್ತಿರುವಾಗ ಅದನ್ನು ಓದಿಕೊಳ್ಳುವ ಬಗೆ ಹೇಗೆ ಎಂಬುದು ಎರಡನೆಯದು. ತಿಂಗಳ ಕೊನೆಗೆ ನನ್ನ ಅಪ್ಪ ಅವ್ವ ಊರಿಂದ ಬರುವವರಿದ್ದಾರೆ, ಇಬ್ಬರಿಗೂ ಅರವತ್ತೈದು ದಾಟಿದೆ; ಅವರನ್ನು ಯಾವ ದಿನ ಹೊರಗೆ ಕರೆದುಕೊಂಡು ಹೋಗಬೇಕು, ಯಾವ ದಿನ ಮನೆಯಲ್ಲೇ ಇರಿಸಬೇಕು ಎಂಬುದನ್ನು ಮುಂಚಿತವಾಗಿ ತಿಳಿಯುವ ದಾರಿಯಿದ್ದರೆ ದಯವಿಟ್ಟು ಹೇಳಿ.

ಉತ್ತರ: ಭೂಗೋಳ ಮೇಷ್ಟ್ರು

ನಾನು ಔಲುವನ್ನು ಕಂಡವನಲ್ಲ, ಶಿವಮೊಗ್ಗದಲ್ಲಿ ಭೂಗೋಳ ಪಾಠ ಹೇಳುವವನು. ಆದರೂ ತಾವು ಬರೆದಿರುವ ವಾರವನ್ನು ಓದಿದರೆ ವಾಯುಭಾರ ಕುಸಿತವೊಂದು ತಮ್ಮೂರನ್ನು ಹಾದುಹೋದ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ, ಉಳಿದದ್ದನ್ನು ಅಲ್ಲಿರುವವರು ಹೇಳಲಿ.

ನಡುರಾತ್ರಿಯ ಸೆಕೆಯಿಂದಲೇ ಆರಂಭಿಸೋಣ. ನಮ್ಮೂರಿನಲ್ಲಿ ದಿನದ ಉಷ್ಣಾಂಶವನ್ನು ನಡೆಸುವವನು ಸೂರ್ಯ. ಬೆಳಗಿನ ಜಾವ ತಂಪು, ಮಧ್ಯಾಹ್ನ ಎರಡು ಮೂರು ಗಂಟೆಗೆ ಕಾವು, ಈ ಕ್ರಮ ತಪ್ಪುವುದು ಅಪರೂಪ. ಔಲು ಇರುವುದು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನವೆಂಬರ್ ನಡುವಿಗೆ ಅಲ್ಲಿ ನಡುಹಗಲಿನ ಸೂರ್ಯನೂ ದಿಗಂತದಿಂದ ಆರೂವರೆ ಡಿಗ್ರಿಯಷ್ಟೇ ಮೇಲಿರುತ್ತಾನೆ. ತಿಂಗಳ ಆರಂಭದಲ್ಲಿ ಎಂಟು ಗಂಟೆಗೆ ಸಮೀಪವಿದ್ದ ಹಗಲು ಕೊನೆಯ ವೇಳೆಗೆ ಐದು ಗಂಟೆಗಿಂತ ಕಡಿಮೆಯಾಗುತ್ತದೆ. ಇಷ್ಟು ಓರೆಯಾಗಿ, ಇಷ್ಟು ಕಡಿಮೆ ಹೊತ್ತು ಬೀಳುವ ಬಿಸಿಲಿಗೆ ನೆಲವನ್ನು ಕಾಯಿಸುವ ಶಕ್ತಿ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಗಾಳಿ ಎಲ್ಲಿಂದ ಬರುತ್ತಿದೆ ಎಂಬುದೇ ಉಷ್ಣಾಂಶವನ್ನು ನಿರ್ಧರಿಸುತ್ತದೆ, ಮತ್ತು ಗಾಳಿಗೆ ಹಗಲು ರಾತ್ರಿಯ ಹಂಗಿಲ್ಲ. ಅಟ್ಲಾಂಟಿಕ್ ಸಾಗರದ ಕಡೆಯ ಬೆಚ್ಚನೆಯ ಗಾಳಿ ರಾತ್ರಿ ಎರಡು ಗಂಟೆಗೆ ತಲುಪಿದರೆ ದಿನದ ಗರಿಷ್ಠ ಉಷ್ಣಾಂಶ ಅದೇ ಹೊತ್ತಿಗೆ ದಾಖಲಾಗುತ್ತದೆ.

ಈಗ ವಾರದ ಕತೆ. ಸೋಮವಾರದ ಶುಭ್ರ ಆಕಾಶ ಅಧಿಕ ಒತ್ತಡದ ಲಕ್ಷಣ. ಮೋಡದ ಹೊದಿಕೆ ಇಲ್ಲದಿದ್ದಾಗ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ, ತುಂಬಿಕೊಡಲು ಬಿಸಿಲು ಸಾಲದು. ಹೀಗಾಗಿ ಅಲ್ಲಿ ಬಿಸಿಲಿನ ದಿನವೇ ಹೆಚ್ಚು ಚಳಿಯ ದಿನ. ಮಂಗಳವಾರ ಕವಿದ ಮೋಡ ಪಶ್ಚಿಮದಿಂದ ಸಾಗಿಬಂದ ವಾಯುಭಾರ ಕುಸಿತದ ಮುಂಚೂಣಿ. ಬಿಸಿ ಗಾಳಿ ಹಗುರ, ಆದ್ದರಿಂದ ಅದು ನೆಲದ ಮೇಲೆ ಕೂತಿರುವ ತಣ್ಣನೆಯ ಗಾಳಿಯನ್ನು ತಕ್ಷಣ ತಳ್ಳಲಾರದೆ ಅದರ ಮೇಲೆ ಏರುತ್ತದೆ. ಆ ಹಂತದಲ್ಲಿ ಹಿಮ. ಕೆಳಗಿನ ತಣ್ಣನೆಯ ಪದರ ತೆಳುವಾಗುತ್ತ ಬಂದಂತೆ ನೀರುಹಿಮ, ಅದು ಪೂರ್ತಿ ಸರಿದ ಮೇಲೆ ನೈಋತ್ಯದ ಗಾಳಿಯೊಂದಿಗೆ ಮಳೆ. ಕುಸಿತದ ಕೇಂದ್ರ ಪೂರ್ವಕ್ಕೆ ದಾಟಿದ ಮೇಲೆ ಗಾಳಿ ವಾಯವ್ಯಕ್ಕೆ ತಿರುಗಿ ಮತ್ತೆ ಚಳಿ. ತಾವು ಕಂಡದ್ದು ಇದೇ ಕ್ರಮವನ್ನು, ಒಂದೂ ಹೆಜ್ಜೆ ತಪ್ಪದೆ.

ಮುನ್ಸೂಚನೆ ಏಕೆ ಪದೇಪದೇ ಬದಲಾಗುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಕುಸಿತದ ಕೇಂದ್ರ ಔಲುವಿನ ಉತ್ತರಕ್ಕೆ ಹಾದುಹೋದರೆ ಊರು ಬೆಚ್ಚನೆಯ ಬದಿಗೆ ಸೇರುತ್ತದೆ, ಮಳೆ ಬರುತ್ತದೆ; ದಕ್ಷಿಣಕ್ಕೆ ಹಾದುಹೋದರೆ ಈಶಾನ್ಯದ ಗಾಳಿ ಬೀಸಿ ದಿನವಿಡೀ ಹಿಮ ಬೀಳುತ್ತದೆ. ಸಾವಿರಾರು ಕಿಲೋಮೀಟರ್ ದೂರದಿಂದ ಹೊರಟು ಬರುವ ಸುಳಿಯೊಂದರ ಹಾದಿಯಲ್ಲಿ ನೂರು ಕಿಲೋಮೀಟರ್ ವ್ಯತ್ಯಾಸವಾಗುವುದು ಸಾಮಾನ್ಯ ಸಂಗತಿ, ಆದರೆ ಅಷ್ಟೇ ವ್ಯತ್ಯಾಸ ತಮ್ಮ ಅಂಗಳದಲ್ಲಿ ಹಿಮವೋ ಮಳೆಯೋ ಎಂಬುದನ್ನು ಬದಲಾಯಿಸಿಬಿಡುತ್ತದೆ. ಜನವರಿಯಲ್ಲಿ ಮೈನಸ್ 15 ಮೈನಸ್ 12 ಆದರೆ ಯಾರಿಗೂ ತಿಳಿಯುವುದೂ ಇಲ್ಲ. ನವೆಂಬರಿನಲ್ಲಿ ಮೈನಸ್ 1 ಪ್ಲಸ್ 2 ಆದರೆ ಇಡೀ ಊರಿನ ರೂಪವೇ ಬೇರೆ.

ಉತ್ತರ: ಬೋಥ್ನಿಯಾ ತೀರ

ಮೇಷ್ಟ್ರು ವಿವರಿಸಿದ್ದು ಸರಿ, ಆದರೆ ಶನಿವಾರವನ್ನು ಅವರು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟರು. ಆ ದಿನದ ಹಿಮಕ್ಕೆ ಕಾರಣ ಸಮುದ್ರ. ಬೋಥ್ನಿಯಾ ಕೊಲ್ಲಿಯ ಈ ಉತ್ತರದ ತುದಿಯ ನೀರಿನಲ್ಲಿ ಉಪ್ಪಿನಂಶ ತೀರಾ ಕಡಿಮೆ, ಆಳವೂ ಸರಾಸರಿ ನಲವತ್ತು ಮೀಟರಿನಷ್ಟೇ, ಆದ್ದರಿಂದ ಪ್ರತಿ ಚಳಿಗಾಲವೂ ಇದು ಹೆಪ್ಪುಗಟ್ಟುತ್ತದೆ. ಆದರೆ ನವೆಂಬರಿನಲ್ಲಿ ದಡದ ಸಣ್ಣಪುಟ್ಟ ಹಿನ್ನೀರುಗಳಲ್ಲಿ ಮಾತ್ರ ಮಂಜುಗಡ್ಡೆ ಕಟ್ಟಿರುತ್ತದೆ. ಒಳಗಿನ ನೀರು ಇನ್ನೂ ತೆರೆದಿದ್ದು, ಮೇಲೆ ಬೀಸುವ ಗಾಳಿಗಿಂತ ಬಹಳ ಬೆಚ್ಚಗಿರುತ್ತದೆ. ಕೊರೆಯುವ ವಾಯವ್ಯ ಗಾಳಿ ಆ ನೀರಿನ ಮೇಲೆ ಹಾದು ಬರುವಾಗ ಶಾಖವನ್ನೂ ತೇವವನ್ನೂ ಹೀರಿಕೊಂಡು, ಉದ್ದನೆಯ ಪಟ್ಟಿಗಳಂತೆ ಮೋಡ ಕಟ್ಟಿ, ದಡ ಮುಟ್ಟಿದೊಡನೆ ಹಿಮವಾಗಿ ಸುರಿಯುತ್ತದೆ. ಪಟ್ಟಿಯ ಕೆಳಗಿದ್ದವರಿಗೆ ಹಿಮ, ಪಕ್ಕದ ಬಡಾವಣೆಯವರಿಗೆ ನೀಲಿ ಆಕಾಶ. ಇದೇ ಸಮುದ್ರಹಿಮ 2016ರ ಜನವರಿ 8ರಂದು ಇಲ್ಲಿಂದ ಬಹು ದೂರ ದಕ್ಷಿಣದ ಮೆರಿಕಾರ್ವಿಯಾ ಎಂಬ ಕರಾವಳಿ ಊರಿನಲ್ಲಿ ಒಂದು ದಿನವೂ ತುಂಬುವ ಮೊದಲೇ 73 ಸೆಂಟಿಮೀಟರ್ ಬಿದ್ದಿತ್ತು. ಕೊಲ್ಲಿ ಪೂರ್ತಿ ಹೆಪ್ಪುಗಟ್ಟಿದ ಮೇಲೆ ಈ ಆಟ ನಿಂತುಹೋಗುತ್ತದೆ.

ಇನ್ನು ಮುನ್ಸೂಚನೆಯನ್ನು ಓದುವ ಬಗೆ. ಮೇಡಂ, ತಾವು ಮೊಬೈಲಿನಲ್ಲಿ ಬರುವ ಚಿತ್ರವನ್ನೂ ಅದರ ಪಕ್ಕದ ಅಂಕಿಯನ್ನೂ ಮಾತ್ರ ನೋಡುತ್ತಿದ್ದೀರೆಂದು ಊಹಿಸುತ್ತೇನೆ. ಹೊಸಬರೆಲ್ಲರೂ ಹಾಗೆಯೇ ಮಾಡುತ್ತಾರೆ. ನಾನು ಮೊದಲು ನೋಡುವುದು ಗಾಳಿಯ ಬಾಣವನ್ನು, ಆಮೇಲೆ ಉಷ್ಣಾಂಶದ ಗೆರೆ ಸೊನ್ನೆಯನ್ನು ಯಾವ ಹೊತ್ತಿಗೆ, ಯಾವ ದಿಕ್ಕಿಗೆ ದಾಟುತ್ತದೆ ಎಂಬುದನ್ನು. ಮೈನಸ್ಸಿನಿಂದ ಪ್ಲಸ್ಸಿಗೆ ಹೋಗುವಾಗ ಮಳೆಯೂ ಇದ್ದರೆ ಎಚ್ಚರಿಕೆ ಬೇಕು, ಏಕೆಂದರೆ ಗಾಳಿ ಪ್ಲಸ್ 1 ಆದರೂ ವಾರವಿಡೀ ತಣ್ಣಗಾದ ನೆಲ ಇನ್ನೂ ಸೊನ್ನೆಯ ಕೆಳಗೇ ಇರುತ್ತದೆ, ಬಿದ್ದ ಹನಿ ಬಿದ್ದಲ್ಲೇ ಗಟ್ಟಿಯಾಗುತ್ತದೆ. ಪ್ಲಸ್ಸಿನಿಂದ ಮೈನಸ್ಸಿಗೆ ಇಳಿಯುವಾಗ, ಅದರಲ್ಲೂ ಮಳೆ ನಿಂತ ಸಂಜೆ ಆಕಾಶ ತೆರೆದುಕೊಂಡರೆ, ಮರುದಿನ ಬೆಳಿಗ್ಗೆ ತಮ್ಮ ಶುಕ್ರವಾರ ಖಂಡಿತ. ಮುನ್ಸೂಚನೆಯ ಉಷ್ಣಾಂಶವೆಂದರೆ ನೆಲದಿಂದ ಎರಡು ಮೀಟರ್ ಎತ್ತರದ ಗಾಳಿಯದು ಎಂಬುದನ್ನು ಮರೆಯಬಾರದು. ತೆರೆದ ಆಕಾಶದ ರಾತ್ರಿಯಲ್ಲಿ ಅದು ಪ್ಲಸ್ 2 ಇದ್ದಾಗಲೂ ಕಾಲುದಾರಿಯ ಮೇಲ್ಮೈ ಹೆಪ್ಪುಗಟ್ಟಿರಬಹುದು.

ಮಳೆಯ ಪ್ರಮಾಣವನ್ನು ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ. ಸೊನ್ನೆಗಿಂತ ಕೆಳಗಿದ್ದರೆ ಒಂದು ಮಿಲಿಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಹಿಮ ಎಂದು ಹಿಡಿಯಬಹುದು, ಒದ್ದೆ ಹಿಮವಾದರೆ ಅದಕ್ಕಿಂತ ಕಡಿಮೆ.

ತಂದೆತಾಯಿಯರ ವಿಚಾರಕ್ಕೆ ಬಂದರೆ, ಫಿನ್ಲೆಂಡಿನ ಹವಾಮಾನ ಸಂಸ್ಥೆ ಪಾದಚಾರಿಗಳಿಗೆಂದೇ ಜಾರುವ ದಾರಿಯ ಎಚ್ಚರಿಕೆಯನ್ನು ಬೇರೆಯಾಗಿ ಪ್ರಕಟಿಸುತ್ತದೆ. ಉಳಿದ ಎಚ್ಚರಿಕೆಗಳು ನಮ್ಮ ಕರಾವಳಿಗೆ ಮಳೆಗಾಲದಲ್ಲಿ ಕೊಡುವಂತೆಯೇ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಇರುತ್ತವೆ. ಚಳಿಯ ದಿನಕ್ಕೆ ಹಿರಿಯರು ಹೆದರಬೇಕಾಗಿಲ್ಲ. ಮೈನಸ್ 10 ಇದ್ದು ಗಾಳಿಯಿಲ್ಲದಿದ್ದರೆ, ಕಾಲಡಿಯ ಹಿಮ ಒಣಗಿದ್ದರೆ, ಉಣ್ಣೆ ತೊಟ್ಟು ನಿಶ್ಚಿಂತೆಯಿಂದ ನಡೆಯಬಹುದು. ಮನೆಯಲ್ಲಿರಬೇಕಾದದ್ದು ಸೊನ್ನೆಯ ಆಸುಪಾಸಿನ ದಿನಗಳಲ್ಲಿ. ನಗರಪಾಲಿಕೆಯವರು ಕಾಲುದಾರಿಗೆ ಸಣ್ಣ ಜಲ್ಲಿ ಎರಚುತ್ತಾರೆ, ಆದರೆ ಹೊಸ ಹಿಮ ಅದನ್ನು ಮುಚ್ಚಿದ ಮೇಲೆ, ಅಥವಾ ನೀರು ಅದರ ಮೇಲೇ ಹೆಪ್ಪುಗಟ್ಟಿದ ಮೇಲೆ, ಮುಂದಿನ ಸರದಿಯವರೆಗೆ ಅದು ಇದ್ದೂ ಇಲ್ಲದಂತೆ. ಬೂಟಿಗೆ ಸಿಕ್ಕಿಸಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿಯನ್ನು ಇಬ್ಬರಿಗೂ ಈಗಲೇ ಕೊಂಡಿಡಿ. ಅಂಗಡಿಯ ಒಳಗೆ ಕಾಲಿಡುವ ಮೊದಲು ಬಿಚ್ಚಬೇಕೆಂದೂ ಹೇಳಿಕೊಡಿ, ಟೈಲ್ಸ್ ನೆಲದ ಮೇಲೆ ಅದೇ ಜಾರುತ್ತದೆ.

ಉತ್ತರ: ಉಮಿಯೋ ಕನ್ನಡಿಗ

ಕೊಲ್ಲಿಯ ಆಚೆ ದಡದಿಂದ, ಸ್ವೀಡನ್ನಿನ ಉಮಿಯೋದಿಂದ ಬರೆಯುತ್ತಿದ್ದೇನೆ. ಪಶ್ಚಿಮದ ಗಾಳಿಯೆಂದರೆ ಮಳೆ ಎಂಬ ಅರ್ಥ ಬರುವಂತೆ ಮೇಷ್ಟ್ರು ಬರೆದಿದ್ದಾರೆ. ನಮ್ಮಲ್ಲಿ ಅದು ಬಹುಮಟ್ಟಿಗೆ ತಿರುವುಮುರುವು. ನೇರ ಪಶ್ಚಿಮದಿಂದ ಬೀಸುವ ಗಾಳಿ ನಾರ್ವೆ ಮತ್ತು ಸ್ವೀಡನ್ನಿನ ನಡುವಿನ ಪರ್ವತಶ್ರೇಣಿಯನ್ನು ಹತ್ತುವಾಗಲೇ ತನ್ನ ತೇವವನ್ನೆಲ್ಲ ನಾರ್ವೆಯ ಬದಿಗೆ ಸುರಿಸಿ, ಇಳಿಯುವಾಗ ಒಣಗಿ ಬೆಚ್ಚಗಾಗುತ್ತದೆ. ಪಶ್ಚಿಮ ಘಟ್ಟದಲ್ಲಿ ಆಗುಂಬೆಗೆ ಸುರಿದು ಬಯಲುಸೀಮೆಗೆ ಕೈಕೊಡುವ ಮುಂಗಾರು ಕೂಡ ಇದೇ ಸೂತ್ರದ್ದು ಎಂದು ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ನವೆಂಬರಿನಲ್ಲೂ ಇಲ್ಲಿ ಪಶ್ಚಿಮದ ಗಾಳಿ ಬೀಸಿದರೆ ಆಕಾಶ ತೊಳೆದಿಟ್ಟಂತೆ ತೆರೆದುಕೊಂಡು, ಉಷ್ಣಾಂಶ ಐದಾರು ಡಿಗ್ರಿ ಪ್ಲಸ್ಸಿಗೆ ಏರುವುದುಂಟು. ನಮಗೆ ಹಿಮ ತರುವುದು ಸಮುದ್ರದ ಕಡೆಯಿಂದ, ಅಂದರೆ ಪೂರ್ವ ಮತ್ತು ಈಶಾನ್ಯದಿಂದ ಬರುವ ಗಾಳಿ. ಅದೇ ಕೊಲ್ಲಿ, ಅದೇ ನೀರು. ಎರಡು ದಡಗಳಿಗೆ ಹಿಮದ ದಿಕ್ಕು ಮಾತ್ರ ವಿರುದ್ಧ. ಹಾಗಾಗಿ ಗಾಳಿಯ ದಿಕ್ಕನ್ನು ನೋಡಿ ಎಂಬ ಸಲಹೆ ಸರಿ, ಆದರೆ ಯಾವ ದಿಕ್ಕಿಗೆ ಯಾವ ಫಲ ಎಂಬುದನ್ನು ತಮ್ಮ ಊರಿನ ಮಟ್ಟಿಗೆ ತಾವೇ ಕಲಿಯಬೇಕು, ಬೇರೆ ಊರಿನವರ ಪಟ್ಟಿ ಉಪಯೋಗಕ್ಕೆ ಬಾರದು.

ಮರುಪ್ರಶ್ನೆ: ಧಾರವಾಡದಾಕೆ

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದಗಳು. ಗಾಳಿಯ ಬಾಣವನ್ನು ನಾನು ಇದುವರೆಗೆ ಅಲಂಕಾರವೆಂದೇ ಭಾವಿಸಿದ್ದೆ. ಇನ್ನೆರಡು ಮಾತು ಕೇಳುತ್ತೇನೆ. ನಮ್ಮ ಪಕ್ಕದ ಮನೆಯ ಅಜ್ಜಿ, ತಾನು ಚಿಕ್ಕವಳಿದ್ದಾಗ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್ ತನಕ ಹಾಗೇ ಇರುತ್ತಿತ್ತು, ಈಗಿನಂತೆ ಬಂದು ಹೋಗಿ ಮಾಡುತ್ತಿರಲಿಲ್ಲ ಎನ್ನುತ್ತಾರೆ. ಇದು ನಿಜವೇ, ಅಥವಾ ಹಿರಿಯರು ಎಲ್ಲ ಕಾಲಕ್ಕೂ ಹೇಳುವ ಮಾತೇ? ಎರಡನೆಯದಾಗಿ, ಅಪ್ಪ ಅವ್ವ ಬಂದಾಗ ಬಾಡಿಗೆ ಕಾರಿನಲ್ಲಿ ರೊವಾನಿಯೆಮಿಗೆ ಹೋಗಿಬರುವ ಯೋಚನೆಯಿದೆ. ಈ ಹವೆಯಲ್ಲಿ ಅದು ಜಾಣತನವೇ?

ಉತ್ತರ: ಭೂಗೋಳ ಮೇಷ್ಟ್ರು

ಉಮಿಯೋದವರ ತಿದ್ದುಪಡಿ ಯೋಗ್ಯವಾದದ್ದು. ಔಲುವಿಗೂ ಆ ಪರ್ವತಗಳ ಮರೆ ಸ್ವಲ್ಪಮಟ್ಟಿಗೆ ಸಿಗುತ್ತದೆ, ಆದರೆ ಇಳಿದು ಬಂದ ಒಣಗಾಳಿ ಕೊಲ್ಲಿಯನ್ನು ದಾಟುವಾಗ ಮತ್ತೆ ತೇವ ಕಟ್ಟಿಕೊಳ್ಳುತ್ತದೆ ಎಂಬುದೇ ವ್ಯತ್ಯಾಸ.

ಅಜ್ಜಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈಚೆಗೆ ಫಿನ್ಲೆಂಡಿನ ಸರಾಸರಿ ಉಷ್ಣಾಂಶ ಎರಡು ಡಿಗ್ರಿಗಿಂತ ಹೆಚ್ಚು ಏರಿದೆ, ಅಂದರೆ ಜಗತ್ತಿನ ಸರಾಸರಿಗಿಂತ ವೇಗವಾಗಿ. ಅದರಲ್ಲೂ ಏರಿಕೆ ಅತಿ ಹೆಚ್ಚಾಗಿರುವುದು ನವೆಂಬರ್, ಡಿಸೆಂಬರ್, ಜನವರಿಗಳಲ್ಲಿ. ಮೊದಲು ಮೈನಸ್ 3ರಲ್ಲಿ ನಿಂತಿರುತ್ತಿದ್ದ ವಾರ ಈಗ ಸೊನ್ನೆಯನ್ನು ಮೇಲೆ ಕೆಳಗೆ ದಾಟುತ್ತ ಕಳೆಯುತ್ತದೆ ಎಂದರೆ ಆ ಎರಡು ಮೂರು ಡಿಗ್ರಿಗಳಿಗೆ ಎಷ್ಟು ಬೆಲೆಯಿದೆ ಎಂಬುದು ಅರ್ಥವಾಗುತ್ತದೆ. ಆದರೂ ತಾವು ಕಂಡ ಈ ಒಂದು ವಾರದ ಏರಿಳಿತವನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ವಾಯುಭಾರ ಕುಸಿತಗಳು ಅಜ್ಜಿಯ ಬಾಲ್ಯದಲ್ಲೂ ಹೀಗೆಯೇ ಒಂದರ ಹಿಂದೊಂದು ಬರುತ್ತಿದ್ದವು. ಅವು ತರುವ ಅಟ್ಲಾಂಟಿಕ್ಕಿನ ಬಿಸುಪು ಇಲ್ಲದಿದ್ದರೆ ಔಲುವಿನ ಗತಿ ಏನಾಗುತ್ತಿತ್ತೆಂದು ತಿಳಿಯಲು ಸೈಬೀರಿಯಾದ ಯಾಕುಟ್ಸ್ಕ್ ನಗರವನ್ನು ನೋಡಬೇಕು. ಅದು ಔಲುವಿಗಿಂತ ಮೂರು ಡಿಗ್ರಿ ದಕ್ಷಿಣದಲ್ಲಿದ್ದರೂ ಅಲ್ಲಿನ ನವೆಂಬರ್ ಇದಕ್ಕೆ ಹೋಲಿಸಲಾಗದಷ್ಟು ಕಠೋರ, ಮತ್ತು ಅಲ್ಲಿ ಯಾರೂ ಹಿಮವೋ ಮಳೆಯೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಉತ್ತರ: ಬೋಥ್ನಿಯಾ ತೀರ

ರೊವಾನಿಯೆಮಿಯ ಪ್ರಯಾಣಕ್ಕೆ ನನ್ನ ಉತ್ತರ: ಹೋಗಿಬನ್ನಿ, ಆದರೆ ರೈಲಿನಲ್ಲಿ. ಔಲುವಿನಿಂದ ನೇರ ರೈಲುಗಳಿವೆ, ಮೂರು ಗಂಟೆಯೊಳಗೆ ತಲುಪುತ್ತೀರಿ.

ಕಾರು ಅಪಾಯವೇ ಎಂದರೆ ಇಲ್ಲಿಯವರಿಗೆ ಅಲ್ಲ, ಹೊಸದಾಗಿ ಚಲಾಯಿಸುವವರಿಗೆ ಹೌದು. 2020ರಿಂದ ಇಲ್ಲಿನ ಕಾನೂನಿನ ಪ್ರಕಾರ ನವೆಂಬರಿನಿಂದ ಮಾರ್ಚ್ ತನಕ, ಹವೆ ಅಥವಾ ರಸ್ತೆಯ ಸ್ಥಿತಿ ಬೇಡಿದಾಗ, ಚಳಿಗಾಲದ ಟೈರು ಕಡ್ಡಾಯ. ಬಾಡಿಗೆ ಕಾರಿಗೆ ಅವರೇ ಹಾಕಿ ಕೊಡುತ್ತಾರೆ. ತೊಂದರೆ ಟೈರಿನದಲ್ಲ, ದಾರಿಯದು. ಸುಮಾರು 220 ಕಿಲೋಮೀಟರ್ ಉದ್ದದ ಆ ದಾರಿಯ ಅರ್ಧದಷ್ಟು ಕೆಮಿಯವರೆಗೆ ಸಮುದ್ರದ ಬದಿಯಲ್ಲೇ ಸಾಗುತ್ತದೆ, ಅಲ್ಲಿಂದ ಒಳನಾಡಿಗೆ ತಿರುಗುತ್ತದೆ. ಕರಾವಳಿಯಲ್ಲಿ ಒದ್ದೆ ಟಾರು, ತಿರುವಿನ ನಂತರ ನೀರುಹಿಮ, ಇನ್ನೂ ಮುಂದೆ ಒಣ ಹಿಮ, ಹೀಗೆ ಒಂದೇ ಪ್ರಯಾಣದಲ್ಲಿ ಸೊನ್ನೆಯ ಗೆರೆಯನ್ನು ತಾವೇ ದಾಟಿಕೊಂಡು ಹೋಗಬೇಕಾಗುತ್ತದೆ, ಮತ್ತು ಮಂಜುಗಡ್ಡೆ ಕಟ್ಟುವುದು ಸರಿಯಾಗಿ ಆ ಗೆರೆಯ ಮೇಲೆ. ಒದ್ದೆ ಟಾರಿಗೂ ತೆಳು ಮಂಜುಗಡ್ಡೆಗೂ ಹೆಡ್‌ಲೈಟಿನ ಬೆಳಕಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ತಿಂಗಳ ಕೊನೆಗೆ ಔಲುವಿನಲ್ಲಿ ಸೂರ್ಯ ಹುಟ್ಟುವುದು ಒಂಬತ್ತೂ ಮುಕ್ಕಾಲರ ಸುಮಾರಿಗೆ, ಮುಳುಗುವುದು ಎರಡೂವರೆಗೆ; ಅಂದರೆ ಹೋಗಿಬರುವ ದಾರಿಯಲ್ಲಿ ಒಂದಾದರೂ ಕತ್ತಲಲ್ಲೇ. ಆ ಕತ್ತಲಲ್ಲಿ ರಸ್ತೆಯ ನಡುವೆ ಹಿಮಸಾರಂಗಗಳು ನಿಂತಿರುವುದೂ ಉಂಟು, ಹಾರ್ನ್ ಹೊಡೆದರೆ ಅವು ಕದಲುವುದೂ ಇಲ್ಲ.

ರೈಲಿನ ಟಿಕೆಟನ್ನು ಮುಂಚಿತವಾಗಿ ಕೊಂಡರೆ ಅಗ್ಗ, ಆದ್ದರಿಂದ ಹವೆ ನೋಡಿಕೊಂಡು ಕೊನೆಯ ಗಳಿಗೆಯಲ್ಲಿ ದಿನ ನಿಶ್ಚಯಿಸಬೇಕಾದ ಅಗತ್ಯವಿಲ್ಲ. ಒಳನಾಡಾದ್ದರಿಂದ ರೊವಾನಿಯೆಮಿಯಲ್ಲಿ ನವೆಂಬರ್ ಕೊನೆಗೆ ಸಾಮಾನ್ಯವಾಗಿ ಹಿಮ ನಿಂತಿರುತ್ತದೆ, ಔಲುವಿನಲ್ಲಿ ರಾಡಿಯಿದ್ದ ದಿನವೂ. ಹಿಮ ನಿಂತಿದ್ದರೆ ಬೀದಿದೀಪದ ಬೆಳಕು ಎರಡರಷ್ಟಾಗಿ ಕಾಣುತ್ತದೆ, ಹಿರಿಯರಿಗೆ ನಡೆಯಲು ಅದೂ ಒಂದು ಅನುಕೂಲ. ಕೋಟಿಗೆ ತೂಗುಹಾಕುವ ರಿಫ್ಲೆಕ್ಟರನ್ನು ಮಾತ್ರ ಮರೆಯಬೇಡಿ. ಕತ್ತಲಲ್ಲಿ ನಡೆಯುವವರು ಅದನ್ನು ಧರಿಸಬೇಕೆಂಬುದು ಇಲ್ಲಿನ ಸಂಚಾರ ನಿಯಮದಲ್ಲೇ ಇದೆ, ಮತ್ತು ಊರಿಂದ ತರುವ ಕಪ್ಪು ಕೋಟು ಹಿಮವಿಲ್ಲದ ನವೆಂಬರ್ ಸಂಜೆಯಲ್ಲಿ ಕಾರಿನವರ ಕಣ್ಣಿಗೆ ಬೀಳುವುದೇ ಇಲ್ಲ. ಯಾವುದೇ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಬಲಗಡೆಯೊಂದು, ಎಡಗಡೆಯೊಂದು, ಮೊಣಕಾಲಿನ ಎತ್ತರಕ್ಕೆ ಬರುವಂತೆ ಕಟ್ಟಿಕೊಡಿ.